ಕೊಡೆಗೂ ಗಂಧ, ಸೌಟಿಗೂ ಗಂಧ

ಜಲಜಾಕ್ಷಿ ದೌಲತಾಬಾದ್ ಕೋಟೆ ನೋಡಲು ಬರುತ್ತಿದ್ದಾಳೆ ಎಂದೇ ನಾನು ನಂಬಿದ್ದೆ. ಫೋನಿನಲ್ಲಿ ಹಾಗೆಯೇ ಹೇಳಿದ್ದಳು. ಅವಳು ನನ್ನ ತಮ್ಮ ರತ್ನಾಕರನ ಹೆಂಡತಿ. ನಾಶಿಕದ ಸಾತಪುರದಲ್ಲಿ, ಕಾರ್ಖಾನೆಗಳ ಸಾಲಿನ ಎದುರು, ಅವರದೊಂದು ಸಸ್ಯಾಹಾರಿ ಹೋಟೆಲು. ಮದುವೆಯಾಗಿ ಬಂದಾಗಿನಿಂದ ಅವಳು ಅದರ ಗಲ್ಲಾದ ಹಿಂದೆ ಕುಳಿತವಳು. ಮಗಳ ಬಾಣಂತನಕ್ಕೆ ಹೋದಾಗಲೂ ಸಾಂಬಾರಿನ ಹುಳಿ ಸರಿಯಾಯಿತೋ ಇಲ್ಲವೋ ಎಂದು ದಿನಾ ಫೋನು ಮಾಡಿ ಕೇಳಿದವಳು. ಇಂಥವಳಿಗೆ ಅರುವತ್ತರ ಹತ್ತಿರದಲ್ಲಿ ಕೋಟೆಯ ಹಂಬಲ ಹುಟ್ಟಿದ್ದು ವಿಚಿತ್ರವೆನಿಸಿತು, ಆದರೆ ಅನುಮಾನ ಬರಲಿಲ್ಲ.

ಆಯುಧಪೂಜೆ ಮುಗಿಸಿ, ಸಂಜೆಯ ಬಸ್ಸಿಗೆ ನಾನಿರುವ ಸಂಭಾಜಿನಗರಕ್ಕೆ, ಅಂದರೆ ಹಳೆಯ ಔರಂಗಾಬಾದಿಗೆ, ಬಂದಿಳಿದಳು. ಹಣೆಯ ಕುಂಕುಮ ಇನ್ನೂ ಅಳಿಸಿರಲಿಲ್ಲ. ಕೈಯಲ್ಲಿ ಒಂದು ತಗಡಿನ ಡಬ್ಬಿ. ಚಕ್ಕುಲಿ ಇರಬಹುದೆಂದು ತೆಗೆದುಕೊಳ್ಳಲು ಕೈ ಚಾಚಿದರೆ ಎದೆಗೆ ಒತ್ತಿ ಹಿಡಿದುಕೊಂಡಳು.

ಮಾರನೆಯ ಬೆಳಿಗ್ಗೆ, ದಸರೆಯ ದಿನ, ಆಟೋದವನಿಗೆ ಅವಳು ಸಿಡ್ಕೋ ಎಂದಳು. ಕೋಟೆ ಆ ಬಡಾವಣೆಯ ದಿಕ್ಕಿನಲ್ಲಿಲ್ಲ ಎಂದೆ.

"ಕೋಟೆ ಎಲ್ಲಿಗೆ ಹೋಗ್ತದೆ ಅತ್ತಿಗೆ? ಇಷ್ಟು ಶತಮಾನದಿಂದ ಅಲ್ಲೇ ಉಂಟಲ್ಲ. ಇದು ಇವತ್ತು ಮಾತ್ರ."

"ಯಾವುದು?"

"ಕಾರ್ಡಿನ ಪಂದ್ಯ. ನಾನು ಆಡ್ಲಿಕ್ಕೆ ಬಂದದ್ದು."

ನಮ್ಮ ಮನೆತನದ ಒಂದು ತಲೆಮಾರು ಇಸ್ಪೀಟಿನಲ್ಲಿ ಗದ್ದೆ ಕಳೆದಿದೆ. ಆ ಮಾತನ್ನು ನಾವು ಮಕ್ಕಳ ಎದುರು ಆಡುವುದೂ ಇಲ್ಲ. ಅವಳಿಗದು ಗೊತ್ತು. ನನ್ನ ಮುಖ ನೋಡಿ, "ಇಸ್ಪೀಟಲ್ಲ ಮಾರಾಯ್ರೆ, ಹೆದರ್ಬೇಡಿ" ಎನ್ನುತ್ತ ಡಬ್ಬಿ ತೆರೆದಳು.

ಒಳಗಿದ್ದವು ಅಂಗೈಯಗಲದ ಬಣ್ಣದ ಚಿತ್ರಗಳು. ಪ್ರತಿಯೊಂದಕ್ಕೂ ಪ್ಲಾಸ್ಟಿಕ್ಕಿನ ಕಪ್ಪು ಕವಚ, ಮುಂಭಾಗ ಮಾತ್ರ ಪಾರದರ್ಶಕ. ಒಂದು ಚಿತ್ರದಲ್ಲಿ ಒಂಟಿ ಕಣ್ಣಿನ, ಒಂಟಿ ಕಾಲಿನ ಹರಕು ಕೊಡೆ ಮಳೆಯಲ್ಲಿ ಕುಪ್ಪಳಿಸುತ್ತಿತ್ತು. ಇನ್ನೊಂದರಲ್ಲಿ ಕಾಗದದ ಲಾಂದ್ರ ನಾಲಿಗೆ ಚಾಚಿತ್ತು. ಹುಲ್ಲಿನ ಚಪ್ಪಲಿಯೊಂದಕ್ಕೆ ಕೈಕಾಲು ಮೂಡಿದ್ದವು. ನೋಡಿದರೆ ಮಕ್ಕಳು ಹೆದರಬೇಕು, ಹಾಗಿದ್ದವು. ಆ ಸಂಗ್ರಹದ ಹೆಸರನ್ನು ಅವಳು ಕನ್ನಡದಲ್ಲಿ ಹೇಳಿದಳು: 'ನೂರರ ಹೊಸ್ತಿಲು'.

ಸಿಡ್ಕೋ ತಲುಪುವವರೆಗೂ ಅವಳು ಅದರ ಕಥೆ ಹೇಳುತ್ತಲೇ ಇದ್ದಳು. ಜಪಾನಿನಂಥ ಒಂದು ನಾಡು. ಅಲ್ಲಿ ಮನೆಯ ಯಾವುದೇ ಸಾಮಾನು ನೂರು ವರ್ಷ ದುಡಿದರೆ ಅದಕ್ಕೆ ಜೀವ ಬರುತ್ತದೆ. ಜನರಿಗೆ ಅದರ ಭಯ. ಹಾಗಾಗಿ ತೊಂಬತ್ತೊಂಬತ್ತು ತುಂಬಿದ ಕೂಡಲೇ, ವರ್ಷದ ಕೊನೆಯ ಗುಡಿಸುವಿಕೆಯಲ್ಲಿ, ಎಲ್ಲವನ್ನೂ ಬೀದಿಗೆ ಎಸೆಯುತ್ತಾರೆ. ಒಂದೇ ವರ್ಷದ ಅಂತರದಲ್ಲಿ ಜೀವ ತಪ್ಪಿಹೋದ ಕೊಡೆ, ಕೆಟಲು, ಸೌಟು, ಚಪ್ಪಲಿಗಳೆಲ್ಲ ಸಿಟ್ಟಿಗೆದ್ದು ದಂಡು ಕಟ್ಟುತ್ತವೆ. ಆಟದ ಯುದ್ಧ ಶುರುವಾಗುವುದು ಅಲ್ಲಿಂದ.

"ಆಯುಧಪೂಜೆ ಇಲ್ಲದ ಊರಲ್ಲಿ ಇನ್ನೆಂತ ಆಗ್ತದೆ ಹೇಳಿ" ಎಂದಳು ಜಲಜಾಕ್ಷಿ, ಯಾರದೋ ಮನೆಯ ಜಗಳಕ್ಕೆ ತೀರ್ಪು ಕೊಡುವವಳ ಹಾಗೆ. "ವರ್ಷಕ್ಕೊಮ್ಮೆ ಒಂದು ಬೊಟ್ಟು ಗಂಧ ಇಟ್ಟಿದ್ರೆ ಈ ರಂಪ ಉಂಟಾ?"

ಆಮೇಲೆ ನಾನು ಓದಿ ನೋಡಿದೆ. ಹಳೆಯ ಸಾಮಾನಿಗೆ ಜೀವ ಬರುವ ನಂಬಿಕೆ ನಿಜವಾಗಿ ಜಪಾನಿನದೇ. ಎಸೆದ ಸಾಮಾನುಗಳ ದಂಡು, ಅದನ್ನು ಅಡಗಿಸುವ ಮಠದ ಸನ್ಯಾಸಿಗಳು ಅಲ್ಲಿನ ಹಳೆಯ ಕಥೆಯಲ್ಲೇ ಇದ್ದಾರೆ, ಉಳಿದದ್ದು ಕಾರ್ಡು ಮಾರುವವರು ಕಟ್ಟಿದ್ದು. ಜಲಜಾಕ್ಷಿಗೆ ಆ ಭೇದ ಬೇಕಿರಲಿಲ್ಲ. ತಪ್ಪನ್ನೂ ಅಷ್ಟೇ ಧೈರ್ಯದಿಂದ ಹೇಳುತ್ತಿದ್ದಳು. ಅಲ್ಲಿನ ಹೆಂಗಸರು ಮುರಿದ ಸೂಜಿಯನ್ನು ಮೆತ್ತನೆಯ ಸೋಯಾ ಗಿಣ್ಣಿಗೆ ಚುಚ್ಚಿ ಇಡುತ್ತಾರೆ. ಒಂದು ಕಾರ್ಡಿನಲ್ಲಿ ಆ ಚಿತ್ರವಿದೆ. ಕೈಗೆ ಚುಚ್ಚಿದ್ದಕ್ಕೆ ಸೂಜಿಗೆ ಕೊಡುವ ಶಿಕ್ಷೆ ಅದು ಎಂದು ಅವಳು ಸಾತಪುರದ ಅರ್ಧ ಜನಕ್ಕೆ ಹೇಳಿಯಾಗಿತ್ತು. ಅದು ಶಿಕ್ಷೆಯಲ್ಲ, ಗಟ್ಟಿ ಬಟ್ಟೆಯಲ್ಲಿ ದುಡಿದ ಸೂಜಿಗೆ ಕೊನೆಗೆ ಮೆತ್ತನೆಯ ಹಾಸಿಗೆ. ತಿದ್ದಿದಾಗ, "ಹೌದಾ? ನಂದೇ ಚಂದ ಇತ್ತು" ಎಂದಳು.

ಈ ಹುಚ್ಚು ಹಿಡಿದದ್ದು ಹೋಟೆಲಿನಲ್ಲೇ. ಮೊದಲ ಪಾಳಿ ಬಿಟ್ಟ ಮೇಲೆ ಕಾರ್ಖಾನೆಯ ಹುಡುಗರು ಬೈಕು ನಿಲ್ಲಿಸಿ ಒಳಗೆ ಬರುತ್ತಾರೆ. ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಇನ್ನೂ ಹೊರಡದ ಹೊತ್ತು ಅದು. ಮೂಲೆಯ ಟೇಬಲ್ಲಿನಲ್ಲಿ ಕೆಲವರು ಈ ಕಾರ್ಡು ಹರಡುತ್ತಿದ್ದರು. ತಲೆಯ ಮೇಲಿನ ಗುಳಿಯಲ್ಲಿ ನೀರು ಹೊತ್ತ ಒಂದು ಕೆರೆಯ ಜೀವಿ ಜಲಜಾಕ್ಷಿಯ ಕಣ್ಣಿಗೆ ಬಿತ್ತು. ಅದರ ಬಲವೆಲ್ಲ ಆ ನೀರಿನಲ್ಲಿ. ಆದರೆ ಅದು ಬಹಳ ಮರ್ಯಾದಸ್ಥ ಜೀವಿ, ಎದುರಿನವರು ಬಾಗಿ ನಮಸ್ಕರಿಸಿದರೆ ತಾನೂ ಬಾಗಿ ನೀರು ಚೆಲ್ಲಿಕೊಳ್ಳುತ್ತದೆ. ಅದಕ್ಕೆ ಸೌತೆಕಾಯಿ ಪ್ರಾಣ. ಇಷ್ಟು ಕೇಳಿದ್ದೇ ಅವಳು ಗಲ್ಲಾ ಬಿಟ್ಟು ಎದ್ದು ಬಂದು ಕುಳಿತಳಂತೆ. ಪ್ರತಿ ಸಾಮಾನಿನ ಚಿತ್ರದಲ್ಲೂ ಚಿತ್ರಕಾರ ಬಾಗಿಲ ಸಂದಿಯಲ್ಲೋ ನೆರಳಿನಲ್ಲೋ ಒಂದು ಪೊರಕೆ ಅಡಗಿಸಿದ್ದಾನೆ. ತಾನೂ ಸಾಮಾನೇ ಆಗಿದ್ದು, ಉಳಿದ ಸಾಮಾನುಗಳನ್ನು ಬೀದಿಗೆ ತಳ್ಳುವ ದ್ರೋಹಿ ಅದು. ಅದನ್ನು ಮೊದಲು ಹುಡುಕಿದ್ದು ತಾನು ಎಂದು ಅವಳಿಗೆ ಈಗಲೂ ಹೆಮ್ಮೆ. ರತ್ನಾಕರನನ್ನು ಗಿರಾಕಿಗಳು ಕೆಣಕುತ್ತಿದ್ದರು: "ಶೆಟ್ರೆ, ಬಿಲ್ಲು ಯಾರು ಮಾಡ್ತಾರೆ? ಅಮ್ಮ ಜಪಾನಿಗೆ ಹೋಗಿದ್ದಾರೆ."

ಆಟ ಕಲಿತ ಮೇಲೆ ಮೂಲೆಯ ಟೇಬಲ್ಲಿಗೆ ಅವಳದೇ ಕಾನೂನು. ಅದರಲ್ಲಿ ಒಂದು ಬಹಳ ಕಟ್ಟುನಿಟ್ಟು. ಕಾರ್ಡಿನ ಬೆನ್ನ ಮೇಲೆ ಗುರುತಿದ್ದರೆ ಮುಂದೆ ಯಾವ ಕಾರ್ಡು ಬರುತ್ತದೆಂದು ಆಡುವವನಿಗೆ ಮೊದಲೇ ಗೊತ್ತಾಗುತ್ತದೆ. ಆ ಆಟದಲ್ಲಿ ಅದಕ್ಕಿಂತ ದೊಡ್ಡ ಮೋಸವಿಲ್ಲ. "ಗುರುತು ಅಂದ್ರೆ ಗುರುತು. ಕಾರಣ ಕೇಳುದಿಲ್ಲ" ಎನ್ನುವುದು ಅವಳ ಮಾತು. ಹಿಂದಿನ ವರ್ಷ ಮಹಿಬೂಬ ಎಂಬ ಲೇತು ಕೆಲಸದ ಹುಡುಗನ ಕಾರ್ಡಿನ ಬೆನ್ನಿಗೆ ಕಲೆ ಕಂಡಿತು. ಕಲಬುರ್ಗಿ ಕಡೆಯವನು, ಅಪ್ಪ ಅಮ್ಮ ನಾಶಿಕದ ಕಟ್ಟಡಗಳಿಗೆ ಕಲ್ಲು ಹೊತ್ತವರು. ವಡೆಯ ಎಣ್ಣೆ ತಾಗಿದ್ದು ಎಂದು ಅವನು ಹೇಳಿದ. ಜಲಜಾಕ್ಷಿ ಕೇಳಲಿಲ್ಲ. ತುಂಬಿದ ಹೋಟೆಲಿನಲ್ಲಿ, ಅವನ ಗೆಳೆಯರ ಎದುರು, ಇನ್ನೊಂದು ವರ್ಷ ಈ ಟೇಬಲ್ಲಿಗೆ ಬರಬೇಡ ಎಂದಳು. ಅವನು ಬರಲಿಲ್ಲ. ಸ್ವಲ್ಪ ದಿನಕ್ಕೆ ಸಂಭಾಜಿನಗರದ ಹತ್ತಿರದ ಬಿಡಕಿನ್‌ನ ಹೊಸ ಕಾರ್ಖಾನೆಯೊಂದರಲ್ಲಿ ಕೆಲಸ ಹಿಡಿದು ಸಾತಪುರವನ್ನೇ ಬಿಟ್ಟ. ಇದನ್ನೂ ಅವಳು ಆಟೋದಲ್ಲೇ ಹೇಳಿದಳು, ಹುಳಿ ಬಂದ ಹಿಟ್ಟು ಚೆಲ್ಲಿದ ಸುದ್ದಿಯ ಹಾಗೆ.

ಸಭಾಂಗಣದಲ್ಲಿ ನೂರಾರು ಜನ. ಬಾಗಿಲಿಗೆ ಚೆಂಡುಹೂವಿನ ಸರ. ಒಬ್ಬರಿಗೊಬ್ಬರು ಆಪಟೆಯ ಎಲೆ ಕೊಟ್ಟು ಕೈ ಕುಲುಕುತ್ತಿದ್ದರು, ಇಲ್ಲಿ ದಸರೆಗೆ ಅದೇ ಬಂಗಾರ. ಆಡುವವರಲ್ಲಿ ನಲವತ್ತು ದಾಟಿದವರು ಯಾರೂ ಕಾಣಲಿಲ್ಲ. ಹಸಿರು ಅಂಚಿನ ಸೀರೆಯುಟ್ಟು, ಡಬ್ಬಿ ಹಿಡಿದು, ಜಲಜಾಕ್ಷಿ ಅವರ ನಡುವೆ ನಡೆದಳು. ಸಾತಪುರದ ನಾಲ್ಕಾರು ಹುಡುಗರು ಎದ್ದು, "ಅಕ್ಕಾ ಆಲ್ಯಾ!" ಎಂದು ಅವಳು ಬಂದ ಖುಷಿಗೆ ಕೂಗಿದರು. ನಾನು ಗೋಡೆಯ ಬದಿಯ ಕುರ್ಚಿಯಲ್ಲಿ ಕುಳಿತೆ.

ಮೊದಲ ಸುತ್ತುಗಳನ್ನು ಅವಳು ಗೆದ್ದಳು. ನನಗೆ ಆಟ ಅರ್ಥವಾಗಲಿಲ್ಲ, ಸೋತವರ ಮುಖ ಅರ್ಥವಾಯಿತು. ಊಟದ ಹೊತ್ತಿಗೆ ಕೊನೆಯ ನಾಲ್ವರಲ್ಲಿ ಅವಳಿದ್ದಳು. ಅವಳ ಎದುರಿನ ಕುರ್ಚಿಗೆ ಬಂದು ಕುಳಿತವನು ಮಹಿಬೂಬ.

ಇಬ್ಬರೂ ನಮಸ್ಕಾರ ಹೇಳಿಕೊಂಡರು. ಮೂರರಲ್ಲಿ ಎರಡು ಗೆದ್ದವರು ಮುಂದಕ್ಕೆ. ಮೊದಲ ಆಟ ಜಲಜಾಕ್ಷಿಗೆ ಹೋಯಿತು. ಎರಡನೆಯದಕ್ಕೆ ಅವಳು ಕಾರ್ಡು ಕಲಸಿ, ರೂಢಿಯಂತೆ ಎದುರಾಳಿ ಕತ್ತರಿಸಲೆಂದು ಕಟ್ಟನ್ನು ಮುಂದಿಟ್ಟಳು. ಉಳಿದವರೆಲ್ಲ ಸುಮ್ಮನೆ ಮೇಲೆ ತಟ್ಟಿ ಬಿಟ್ಟಿದ್ದರು. ಮೊದಲ ಆಟಕ್ಕೆ ಮುಜುಗರದಿಂದ ತಾನೂ ತಟ್ಟಿ ಬಿಟ್ಟಿದ್ದ ಮಹಿಬೂಬ ಈ ಸಲ ಕೈಗೆತ್ತಿಕೊಂಡ. ಸಾತಪುರದ ಆ ದಿನದಿಂದ ಅವನು ತನ್ನದಿರಲಿ ಬೇರೆಯವರದಿರಲಿ, ಪ್ರತಿ ಕಟ್ಟನ್ನೂ ಬೆರಳಲ್ಲಿ ಸವರಿ ನೋಡುತ್ತಿದ್ದನಂತೆ. ಅವನ ಹೆಬ್ಬೆರಳು ಒಂದು ಕಡೆ ನಿಂತಿತು. ಮತ್ತೊಂದು ಕಡೆ ನಿಂತಿತು.

"ಏನ್ರೀ ಅಕ್ಕಾರ ಇದು? ಕೈಗೆ ಗಂಟು ಗಂಟು ಹತ್ತಾಕತ್ತೈತಿ."

"ಎಂತ ಗಂಟು?"

"ನಾ ಹೇಳಂಗಿಲ್ರಿ. ಜಡ್ಜ್ ಬಾಯೀನ ನೋಡಲಿ." ಅವನು ಕೈ ಎತ್ತಿದ.

ತೀರ್ಪುಗಾರ್ತಿಯ ಹೆಸರು ಪ್ರಜ್ಞಾ. ಇದೇ ಊರಲ್ಲಿ ಬೆಳೆದ ಕನ್ನಡದವರ ಹುಡುಗಿ. ಕವಚಗಳಿಂದ ಕಾರ್ಡುಗಳನ್ನು ಒಂದೊಂದಾಗಿ ಹೊರತೆಗೆದು ಬೋರಲು ಇಟ್ಟಳು. ಸುತ್ತ ಜನ ಸೇರಿತು. ನಾನೂ ಎದ್ದು ಹೋದೆ. ಕೆಲವು ಕಾರ್ಡುಗಳ ಬೆನ್ನ ನಡುವೆ ಒಣಗಿದ ಗಂಧದ ಬೊಟ್ಟು. ಒಂದೆರಡರಲ್ಲಿ ಅಕ್ಷತೆಯ ಕಾಳೂ ಅಂಟಿಕೊಂಡಿತ್ತು.

ಪ್ರಜ್ಞಾ ಬೊಟ್ಟಿದ್ದವನ್ನು ಒಂದು ಕಡೆ, ಇಲ್ಲದವನ್ನು ಇನ್ನೊಂದು ಕಡೆ ಮಾಡಿ ಅಂಗಾತ ತಿರುಗಿಸಿದಳು. ಬೊಟ್ಟಿದ್ದವು ಕೊಡೆ, ಲಾಂದ್ರ, ಕೆಟಲು, ಚಪ್ಪಲಿ, ಸೌಟು. ಇಲ್ಲದವು ಸನ್ಯಾಸಿಗಳು, ನರಿ, ಕೆರೆಯ ಜೀವಿ, ಹಳ್ಳಿಯ ಜನ. ಜಲಜಾಕ್ಷಿಯ ಆಟವೆಲ್ಲ ನಿಂತಿದ್ದದ್ದೇ ಆ ಸಾಮಾನುಗಳ ಮೇಲೆ. ಗುಂಪಿನಲ್ಲಿ ಯಾರೋ ಸಿಳ್ಳೆ ಹಾಕಿದರು. ಇನ್ನೊಬ್ಬ, "ಕಾಕೂ ತರ್ ಉಸ್ತಾದ್ ನಿಘಾಲೀ" ಎಂದ, ಚಿಕ್ಕಮ್ಮ ಪಳಗಿದ ಕೈ ಎಂಬ ಅರ್ಥದಲ್ಲಿ. ಚೀಟಿಂಗ್ ಎಂಬ ಮಾತು ಟೇಬಲ್ಲಿನಿಂದ ಟೇಬಲ್ಲಿಗೆ ಹರಿಯಿತು. ಸಾತಪುರದ ಹುಡುಗರು ತಲೆ ತಗ್ಗಿಸಿದರು.

ಜಲಜಾಕ್ಷಿಯ ಬಣ್ಣ ಇಳಿಯಿತು. ಗಿರಾಕಿಯ ತಟ್ಟೆಯಲ್ಲಿ ಕೂದಲು ಸಿಕ್ಕ ದಿನವೂ ಅವಳು ಹೀಗೆ ಕಂಡವಳಲ್ಲ. ಮೋಸಗಾತಿ ಎಂಬ ಹೆಸರು ಹೊತ್ತು ಅವಳು ಮತ್ತೆ ಆ ಗಲ್ಲಾದ ಹಿಂದೆ ಕೂರುವುದು ಹೇಗೆ? ಸಾತಪುರಕ್ಕೆ ಸುದ್ದಿ ಅವಳಿಗಿಂತ ಮುಂಚೆ ತಲುಪುತ್ತಿತ್ತು.

"ನಿನ್ನೆ ಆಯುಧಪೂಜೆ ಅಲ್ವಾ" ಎಂದಳು ಮೆಲ್ಲಗೆ. "ಗ್ರೈಂಡರಿಗೆ ಇಟ್ಟೆ, ತಕ್ಕಡಿಗೆ ಇಟ್ಟೆ, ಬೈಕುಗಳಿಗೆ ಇಟ್ಟೆ. ಇವೂ ಆಡುವ ಸಾಮಾನೇ ಅಲ್ವಾ ಅಂತ ಕವಚ ತೆಗ್ದು ಇಟ್ಟೆ. ಪ್ಲಾಸ್ಟಿಕ್ಕಿಗೆ ಯಾರು ಪೂಜೆ ಮಾಡ್ತಾರೆ?"

"ಹಾಗಾದರೆ ಎಲ್ಲ ಕಾರ್ಡಿಗೂ ಇಡಬೇಕಿತ್ತು" ಎಂದೆ ನಾನು. ಕೇಳದೆ ಇರಲಾಗಲಿಲ್ಲ.

"ನರಿಗೆ ಎಂತಕ್ಕೆ ಅತ್ತಿಗೆ? ನರಿ ಆಯುಧವಾ?"

ನಾನು ದಂಗಾದೆ. ಅಷ್ಟು ಜನರ ನಡುವೆ, ಅಂಥ ಆಪಾದನೆ ಹೊತ್ತು ನಿಂತಾಗಲೂ, ಅವಳಿಗೆ ಅದು ಉತ್ತರವೇ ಆಗಿತ್ತು.

ಮಹಿಬೂಬ ಕೂತಲ್ಲಿಂದ ಕದಲಲಿಲ್ಲ. "ನಂದು ವಡಾದ ಎಣ್ಣಿ ಇತ್ರಿ ಅಕ್ಕಾರ. ಅವತ್ತ ನೀವು ಏನಂದ್ರಿ?"

ಅವಳು ಅವನನ್ನು ನೋಡಿದಳು. "ಗುರುತು ಅಂದ್ರೆ ಗುರುತು ಅಂದೆ."

"ಹಾಂ. ಅದ ಅಂದ್ರಿ."

ಪ್ರಜ್ಞಾ ಒಂದು ಕಾರ್ಡು ಎತ್ತಿ ತಿರುವಿ ನೋಡುತ್ತಿದ್ದಳು. "ಕಾಕೂ, ಕನ್ನಡ ತಿಳೀತದ ನನಗೆ, ಬೋಲಾಯ್ಲಾ ಜಮತ್ ನಾಹೀ" ಎಂದು, ಮಾತಾಡಲು ಬಾರದ್ದಕ್ಕೆ ಉಳಿದುದನ್ನು ಮರಾಠಿ ಹಿಂದಿ ಬೆರೆಸಿ ಹೇಳಿದಳು. ಅವಳ ಕೈಯಲ್ಲಿದ್ದದ್ದು ಬಿಳಿ ನರಿ. ಎಸೆದ ಸಾಮಾನುಗಳನ್ನು ಬೀದಿಯಿಂದ ಹೆಕ್ಕಿ ತರುವುದು ಅದೊಂದೇ. ಈ ಕಟ್ಟಿನಲ್ಲಿ ಎಲ್ಲಕ್ಕಿಂತ ಬಲವಾದ ಕಾರ್ಡು. ಮೋಸ ಮಾಡುವವರು ಗುರುತು ಹಾಕುವುದಾದರೆ ಮೊದಲು ಇದಕ್ಕೆ ಹಾಕಬೇಕು. ಇದರ ಬೆನ್ನು ಸ್ವಚ್ಛವಾಗಿದೆ. "ಮತ್ತೆ ಇದು?" ಎಂದು ಮುರಿದ ಸೌಟಿನ ಕಾರ್ಡು ತೋರಿಸಿದಳು. ಸುತ್ತಲಿನ ಹುಡುಗರು ನಕ್ಕರು. ಅದು ಯಾವ ಕೆಲಸಕ್ಕೂ ಬಾರದ ಕಾರ್ಡಂತೆ, ಅದನ್ನು ಕಟ್ಟಿಗೆ ಸೇರಿಸುವವರೇ ಇಲ್ಲವಂತೆ. ಅದರ ಬೆನ್ನ ಮೇಲೆ ಎಲ್ಲಕ್ಕಿಂತ ದಪ್ಪ ಬೊಟ್ಟಿತ್ತು.

"ಹೋಟೆಲಿನವಳು ಸೌಟು ಬಿಟ್ಟು ಹೇಗೆ ಆಡುದು?" ಎಂದಳು ಜಲಜಾಕ್ಷಿ.

ಪ್ರಜ್ಞಾ ತೀರ್ಪು ಹೇಳಿದಳು. ಇದು ಮೋಸವಲ್ಲ, ಪಂದ್ಯದಿಂದ ಹೊರಗೆ ಹಾಕುವುದಿಲ್ಲ. ಆದರೆ ಗುರುತು ಇದ್ದದ್ದು ನಿಜ. ಎರಡನೆಯ ಆಟ ಎದುರಾಳಿಗೆ. ಗಂಧ ಒರೆಸಿ, ಹೊಸ ಕವಚ ಹಾಕಿ ಮೂರನೆಯದನ್ನು ಆಡಬಹುದು. ಇಬ್ಬರೂ ಒಂದೊಂದು ಗೆದ್ದ ಲೆಕ್ಕ. ನಾನು ನಿಟ್ಟುಸಿರು ಬಿಟ್ಟೆ.

ಜಲಜಾಕ್ಷಿ ಕಾರ್ಡುಗಳನ್ನು ಡಬ್ಬಿಗೆ ತುಂಬತೊಡಗಿದಳು.

"ಎಲ್ಲಿಗೆ?" ಎಂದೆ.

"ಮನೆಗೆ. ಇವರು ಕಾರಣ ಕೇಳಿದ್ರು, ಅದು ಇವರ ದೊಡ್ಡತನ. ನನ್ನ ಟೇಬಲ್ಲಿನಲ್ಲಿ ನಾನು ಕೇಳಿದವಳಲ್ಲ. ಅವನಿಗೊಂದು ನ್ಯಾಯ, ನನಗೊಂದು ನ್ಯಾಯ ಆಗುದಿಲ್ಲ. ಆಟ ಅವನಿಗಿರ್ಲಿ."

ಕೇಳಲು ಚೆನ್ನಾಗಿತ್ತು. ಅವಳ ಮುಖದಲ್ಲಿ ಆಗಲೇ ನೆಮ್ಮದಿಯೂ ಬಂದಿತ್ತು. ಮಹಿಬೂಬ ಟೇಬಲ್ಲಿಗೆ ಅಂಗೈ ಬಡಿದ.

"ಕುಂದರ್ರಿ!"

ಇಡೀ ಸಭಾಂಗಣ ತಿರುಗಿತು. ಹಾಗೆ ಅವಳನ್ನು ಗದರಿಸಿದವರನ್ನು ನಾನು ಕಂಡಿರಲಿಲ್ಲ, ನನ್ನ ತಮ್ಮನೂ ಸೇರಿ.

"ಒಂದು ವರ್ಷ ನನ್ನ ಆಟ ಕಸಗೊಂಡ್ರಿ. ಇವತ್ತ ಎದ್ದು ಹೋಗಿ ಇದನ್ನೂ ಕಸಗೊಳ್ತೀರೇನು? ನಾಳೆ ಸಾತಪುರದಾಗ ಮಂದಿ ಏನಂತಾರ? ಮಹಿಬೂಬ ಆಡಿ ಗೆಲ್ಲಲಿಲ್ಲ, ಅಕ್ಕಾರ ಪೂಜಿ ಮಾಡಿದ್ದು ಹಿಡಕೊಟ್ಟು ಗೆದ್ದ ಅಂತಾರ. ನೀವು ದೊಡ್ಡವರಾಗಿ ಹೊಕ್ಕೀರಿ. ನಾ ಏನಾಗ್ಲಿ?"

ಜಲಜಾಕ್ಷಿ ಡಬ್ಬಿಯ ಮುಚ್ಚಳ ಹಿಡಿದು ನಿಂತಳು. ಅವನು ಹೇಳಿದ್ದು ಸರಿಯಾಗಿತ್ತು. ಅವಳ ತ್ಯಾಗದ ಖರ್ಚು ಎರಡನೆಯ ಸಲವೂ ಅವನ ತಲೆಗೇ ಬೀಳುತ್ತಿತ್ತು. ನಾನೂ ಅದನ್ನು ಕಂಡಿರಲಿಲ್ಲ.

"ಅತ್ತಿಗೆ, ನಿಮ್ಮ ಕರವಸ್ತ್ರ ಕೊಡಿ" ಎಂದಳು ಕೊನೆಗೆ. "ದಶಮಿ ಬಂತಲ್ಲ. ತೆಗೆಯಬಹುದು."

ಕರವಸ್ತ್ರದ ತುದಿ ಒದ್ದೆ ಮಾಡಿಕೊಂಡು ಕೊಡೆಯ ಬೆನ್ನು, ಲಾಂದ್ರದ ಬೆನ್ನು, ಸೌಟಿನ ಬೆನ್ನು ಒರೆಸಿದಳು. ಗಂಟು ಹೋಯಿತು, ತಿಳಿ ಹಳದಿ ಉಳಿಯಿತು. ಪ್ರಜ್ಞಾ ಕೊಟ್ಟ ಹೊಸ ಕವಚಗಳ ಒಳಗೆ ಅದು ಕಾಣುವಂತಿರಲಿಲ್ಲ. ಮಹಿಬೂಬ ಮತ್ತೊಮ್ಮೆ ಸವರಿ ನೋಡಿ, ಕತ್ತರಿಸಿ, ಹಿಂದಕ್ಕೆ ತಳ್ಳಿದ.

ಅವನಿಗೆ ಬೇಕೆಂದೇ ಸೋತುಕೊಡುತ್ತಾಳೆ ಎಂದು ನಾನು ಎಣಿಸಿದ್ದೆ. ಅಂಥದ್ದೇನೂ ನಡೆಯಲಿಲ್ಲ. ದಯೆಯಿಲ್ಲದೆ ಆಡಿದಳು. ಕೊಡೆ ಬಂತು, ಕೆಟಲು ಬಂತು, ಒಂದೊಂದು ಸರದಿಗೂ ಅವುಗಳ ವಯಸ್ಸು ಏರುತ್ತ ನೂರರ ಹತ್ತಿರಕ್ಕೆ ಹೋಯಿತು. ಇನ್ನೊಂದು ಸರದಿ ಸಿಕ್ಕಿದ್ದರೆ ಆಟ ಅವಳದೇ ಆಗುತ್ತಿತ್ತು ಎಂದು ಪಕ್ಕದ ಹುಡುಗ ನನಗೆ ಹೇಳಿದ. ಆಗ ಮಹಿಬೂಬ ಒಂದು ಕಾರ್ಡು ಇಟ್ಟ. ಅದರಲ್ಲಿ ಪೊರಕೆ ಈ ಸಲ ಬಾಗಿಲ ಸಂದಿಯಲ್ಲಿರಲಿಲ್ಲ, ಚಿತ್ರದ ತುಂಬ ಇತ್ತು. ವರ್ಷದ ಕೊನೆಯ ಗುಡಿಸುವಿಕೆ. ಅವಳ ಸಾಮಾನೆಲ್ಲ ಬೀದಿಗೆ ಬಿತ್ತು. ಹೆಕ್ಕಿ ತರುವ ನರಿ ಕೈಗೆ ಬರಲಿಲ್ಲ. ಅವಳ ಕೈಯಲ್ಲಿ ಉಳಿದದ್ದು ಮುರಿದ ಸೌಟು.

ಜಲಜಾಕ್ಷಿ ಸೌಟನ್ನು ಅಂಗಾತ ಇಟ್ಟು ಕೈ ಚಾಚಿದಳು. ಅವನು ಕುಲುಕಿದ.

"ಅದು ಎಣ್ಣೆಯೇ ಅಲ್ವಾ?" ಎಂದು ಕೇಳಿದಳು.

"ಎಣ್ಣೀನರಿ. ಮೆದುವಡಾದ್ದು."

"ಆವತ್ತು ಸರಿಯಾಗಿ ಹೇಳ್ಬಾರ್ದಿತ್ತಾ ಮಾರಾಯ?"

"ಹೇಳಿದ್ನೆಲ್ರಿ. ಹೇಳಿ ಮುಗಸೂದ್ರಾಗ ನೀವು ನನ್ನ ತಾಟು ಎತ್ತಿಸಿಬಿಟ್ಟಿದ್ರಿ. ಇನ್ನೂ ಒಂದು ವಡಾ ಇತ್ತು ಅದರಾಗ."

ಜಲಜಾಕ್ಷಿ ಎದ್ದು ನಿಂತು ಸಾತಪುರದ ಹುಡುಗರು ನಿಂತ ಕಡೆಗೆ ತಿರುಗಿದಳು. ಹೋಟೆಲಿನಲ್ಲಿ ಅಡುಗೆಮನೆಗೆ ಕೇಳುವಂತೆ ಆರ್ಡರು ಕೂಗುವ ದನಿಯಲ್ಲಿ, ತನ್ನ ಹರಕು ಮರಾಠಿಯಲ್ಲಿ, ಮಹಿಬೂಬ ಮೋಸ ಮಾಡಿರಲಿಲ್ಲ, ಅದು ತನ್ನದೇ ವಡೆಯ ಎಣ್ಣೆ, ತಾನು ಕೇಳಲಿಲ್ಲ ಎಂದು ಕೂಗಿ ಹೇಳಿದಳು. ಕ್ಷಮೆ ಎಂಬ ಪದ ಬಳಸಲಿಲ್ಲ. ಅವಳಿಗೆ ಆ ಅಭ್ಯಾಸವಿಲ್ಲ. ಮಹಿಬೂಬ ತನ್ನ ಕಾರ್ಡು ಜೋಡಿಸುವುದರಲ್ಲಿದ್ದ, ತಲೆ ಎತ್ತಲಿಲ್ಲ. ಆದರೆ ಅವನ ಕೈ ಜೋಡಿಸುವುದನ್ನು ನಿಲ್ಲಿಸಿತ್ತು.

ಮುಂದಿನ ಸುತ್ತಿನಲ್ಲಿ ಅವನೂ ಸೋತ. ಕೋಟೆಗೆ ಹೊತ್ತು ಉಳಿದಿತ್ತು, ಆದರೂ ಅವಳು ನಾಶಿಕದ ಬಸ್ಸು ಹತ್ತಿದಳು.

ದೀಪಾವಳಿಗೆ ನಾನು ಸಾತಪುರಕ್ಕೆ ಹೋದಾಗ ಮೂಲೆಯ ಟೇಬಲ್ಲಿನ ಕಾನೂನು ಬದಲಾಗಿತ್ತು. ಗುರುತು ಸಿಕ್ಕರೆ ಕಾರಣ ಕೇಳುತ್ತಾರೆ. ಅದಕ್ಕಿಂತ ದೊಡ್ಡದು ಇನ್ನೊಂದು: ಅಲ್ಲಿ ಆಡಲು ಕುಳಿತವರಿಗೆ ಕರಿದ ತಿಂಡಿ ಇಲ್ಲ. ಉಡುಪಿ ಕಡೆಯವರ ಹೋಟೆಲಿನಲ್ಲಿ, ಬಿಸಿ ವಡೆ ಬಾಣಲೆಯಿಂದ ಏಳುತ್ತಿರುವಾಗ, ಗಿರಾಕಿಗೆ ವಡೆ ಇಲ್ಲವೆನ್ನುವುದನ್ನು ನಾನು ನನ್ನ ಜನ್ಮದಲ್ಲಿ ಕೇಳಿರಲಿಲ್ಲ. ರತ್ನಾಕರ ಹಣೆ ಚಚ್ಚಿಕೊಂಡ. "ಅಕ್ಕ, ನೀನಾದ್ರೂ ಹೇಳು ಇವಳಿಗೆ."

ಹೇಳುವಷ್ಟರಲ್ಲಿ ಬಾಗಿಲಲ್ಲಿ ಮಹಿಬೂಬ ಕಂಡ. ರಜೆಗೆ ಅಪ್ಪ ಅಮ್ಮನ ಹತ್ತಿರ ಬಂದಿದ್ದನಂತೆ. ನೆಟ್ಟಗೆ ಮೂಲೆಗೆ ಹೋಗಿ ಕುಳಿತು, ಕಾರ್ಡಿನ ಕಟ್ಟು ಹೊರಗಿಟ್ಟು, ಗಲ್ಲಾದ ಕಡೆ ನೋಡಿ ಕೂಗಿದ:

"ಅಕ್ಕಾರ, ಒಂದು ಪ್ಲೇಟ್ ಮೆದುವಡಾ!"

"ವಡೆ ಬೇಕಾದ್ರೆ ಆಚೆ ಟೇಬಲ್" ಎಂದಳು ಜಲಜಾಕ್ಷಿ, ತಲೆ ಎತ್ತದೆ. "ಮೂಲೆಯಲ್ಲಿ ಇಡ್ಲಿ ಮಾತ್ರ. ಚಟ್ನಿ ಕೇಳ್ಬೇಡ."

"ನನಗೂನ?"

"ನಿನ್ನಿಂದಲೇ ಬಂದ ಕಾನೂನು, ನಿನಗೂ."

ಅವನು ಎದ್ದು ಆಚೆ ಟೇಬಲ್ಲಿಗೆ ಹೋಗಿ, ಎರಡು ವಡೆ ತಿಂದು, ಸಾಬೂನು ಹಾಕಿ ಕೈ ತೊಳೆದು, ಎರಡೂ ಅಂಗೈಗಳನ್ನು ಗಲ್ಲಾದ ಎದುರು ಚಾಚಿ ತೋರಿಸಿ, ಮೂಲೆಗೆ ಮರಳಿದ.